ನೂರು ಪಿಸ್ತೋಲಿಗೆ ನಿಂತ ನಾಟಕ

ನಮ್ಮ ಫೆಸ್ಟ್ ಸ್ಕಿಟ್‌ಗಳಲ್ಲಿ ಮೊದಲು ಕಟ್ ಆಗೋದು ಯಾವುದು? ಪ್ರಾಕ್ಟೀಸ್‌ನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕ ಡೈಲಾಗ್. "ಬೇಡ ಮಗಾ, ಸುಮ್ನೆ ಯಾಕೆ ತಲೆನೋವು" ಅಂತ ನಮ್ಮಲ್ಲೇ ಒಬ್ಬರು ಅಂತಾರೆ, ನಾವೇ ತೆಗೆದುಹಾಕ್ತೀವಿ. ಹೊರಗಿನವರು ಯಾರೂ ಬೇಡ ಅಂದಿರೋದೇ ಇಲ್ಲ.

ಇಂಥದ್ದೊಂದು 1694ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನಡೀತು. ಆಗ ಅದು ಫ್ರೆಂಚರ ವಸಾಹತು. ಆ ಚಳಿಗಾಲ ಗವರ್ನರ್ ಫ್ರಾಂಟೆನಾಕ್‌ನ ಕಡೆಯವರು ಕಾರ್ನೀಯ್, ರಸೀನ್ ಬರೆದ ನಾಟಕ ಆಡಿದ್ರು. ಮುಂದಿನದು ಮೋಲಿಯೇರನ 'ತಾರ್ತೂಫ್' ಅಂತ ಸುದ್ದಿ ಹಬ್ಬಿತು. ಭಕ್ತನ ವೇಷ ಹಾಕಿ ನಂಬಿದವರ ಮನೆಯನ್ನೇ ನುಂಗಲು ಹೊರಟವನ ಕಥೆ ಅದು. ಎ. ಎನ್. ಮೂರ್ತಿರಾಯರು ಕನ್ನಡಕ್ಕೆ ತಂದಾಗ ಇಟ್ಟ ಹೆಸರು 'ಆಷಾಢಭೂತಿ'. ಇದಕ್ಕಿಂತ ಸರಿಯಾದ ಪದ ಸಿಗಲ್ಲ.

ಫ್ರಾನ್ಸ್‌ನಲ್ಲೂ ಈ ನಾಟಕಕ್ಕೆ 1664ರಲ್ಲಿ ತಡೆ ಬಿದ್ದಿತ್ತು. 1669ರಲ್ಲಿ ಒಪ್ಪಿಗೆ ಸಿಕ್ಕಾಗ ಜನ ಮುಗಿಬಿದ್ದು ನೋಡಿದ್ರು. ಪ್ಯಾರಿಸ್ 25 ವರ್ಷದ ಹಿಂದೆಯೇ ನಕ್ಕು ಮುಗಿಸಿದ್ದ ನಾಟಕಕ್ಕೆ ಕ್ವಿಬೆಕ್‌ನ ಬಿಷಪ್ ಸೇಂಟ್-ವಾಲಿಯೆ ಹೆದರಿದ. ಜನವರಿಯಲ್ಲಿ ಆಜ್ಞೆ ಹೊರಡಿಸಿ, ಇಂಥ ನಾಟಕ ನೋಡೋದೇ ಪಾಪ ಅಂದ. ಪಾತ್ರ ಮಾಡಬೇಕಿದ್ದ ಸೇನಾಧಿಕಾರಿ ಮರೇಯ್ ಮೇಲೆ ದೈವನಿಂದೆಯ ಆರೋಪ ಬಂತು, ಅದೇ ವರ್ಷ ಅವನು ಜೈಲಿಗೂ ಹೋದ. ಕೊನೆಗೆ ಬಿಷಪ್ ಗವರ್ನರ್ ಕೈಗೆ 100 ಪಿಸ್ತೋಲ್ ಇಟ್ಟ. ನಾಟಕ ನಿಂತಿತು.

ಬಿಷಪ್‌ಗೆ ಬೈದು ಸುಮ್ಮನಾಗೋದು ಸುಲಭ. ಚಿಕ್ಕ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಯಾರನ್ನ ಆಡಿಕೊಳ್ತಾರೋ ಅನ್ನೋ ಅಳುಕು ಅವನಿಗೆ ಇದ್ದಿರಬಹುದು. ನಮ್ಮ ಕ್ಯಾಂಪಸ್ಸೂ ಹಾಗೇ ಅಲ್ವಾ? ನಮಗೆ ಬೇಜಾರಾಗೋದು ಗವರ್ನರ್ ಬಗ್ಗೆ. ಸೈನ್ಯವೇ ಕೈಯಲ್ಲಿದ್ದವನು ದುಡ್ಡು ತಗೊಂಡು ರಾಜಿಯಾದ. ನಷ್ಟ ಆಗಿದ್ದು ನೋಡೋಕೆ ಕಾದಿದ್ದವರಿಗೆ. ನಾಟಕ ಚೆನ್ನಾಗಿದೆಯೋ ಕೆಟ್ಟದೋ ಅಂತ ತೀರ್ಮಾನಿಸೋ ಅವಕಾಶವೇ ಅವರಿಗೆ ಸಿಗಲಿಲ್ಲ. ಆಮೇಲೆ ಆ ವಸಾಹತಿನಲ್ಲಿ ನಾಟಕ ಹೆಚ್ಚುಕಡಿಮೆ ಸತ್ತೇಹೋಯ್ತು. 1774ರಲ್ಲಿ ಮಾಂಟ್ರಿಯಲ್‌ನಲ್ಲಿ ಮೋಲಿಯೇರನ ನಾಟಕ ಆಡಿದವರು ಯಾರು ಗೊತ್ತಾ? ಊರು ಗೆದ್ದುಕೊಂಡಿದ್ದ ಬ್ರಿಟಿಷ್ ಅಧಿಕಾರಿಗಳು!

ನಮಗಂತೂ ಯಾರೂ ಪಿಸ್ತೋಲ್ ಕೊಡ್ತಿಲ್ಲ, ನಾವು ಫ್ರೀಯಾಗಿಯೇ ರಾಜಿಯಾಗ್ತಿದ್ದೀವಿ. ಒಬ್ಬರ ಬಣ್ಣ, ಜಾತಿ, ದೇಹ ಹಿಡಿದು ಮಾಡೋ ಜೋಕ್ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಷಾಢಭೂತಿಗಳನ್ನ ನೋಡಿ ನಗೋ ಡೈಲಾಗ್ ಉಳೀಬೇಕು. ಆಕ್ಷೇಪ ಇದ್ದವರು ಪ್ರಾಕ್ಟೀಸ್‌ಗೆ ಬಂದು, ಪೂರ್ತಿ ನೋಡಿ, ಆಮೇಲೆ ಮಾತಾಡಲಿ. ಮುಂದಿನ ಸ್ಕಿಟ್‌ನಿಂದಲೇ ಹೀಗೆ ಶುರು ಮಾಡೋಣ.