ಮುರಿದ ಕುರ್ಚಿ, ಹಿರಿಯರ ಕೈ

ಕಳೆದ ಶ್ರಾವಣದಲ್ಲಿ ಬೆಂಗಳೂರಿನ ಬಿನ್ನಿಪೇಟೆಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಬಟ್ಟೆ ಗಿರಣಿಯಿಂದ ಆ ಪೇಟೆಗೆ ಹೆಸರು ಬಂದಿತು. ಗಿರಣಿ ಈಗಿಲ್ಲ, ಆ ನೆಲದಲ್ಲಿ ಬಹುಮಹಡಿ ಮನೆಗಳು ಎದ್ದಿವೆ. ಆ ಮನೆಯ ಹಿರಿಯರು ಗಿರಣಿಯಲ್ಲೇ ದುಡಿದು ನಿವೃತ್ತರಾದವರು.

ಪಡಸಾಲೆಯ ಮೂಲೆಯಲ್ಲಿ ಕಾಲು ಸಡಿಲಾದ ತೇಗದ ಕುರ್ಚಿಯೊಂದಿತ್ತು. ಗುಜರಿಗೆ ಹಾಕೋಣವೆಂದು ಮಗನ ಮಾತು. ಹಿರಿಯರು, "ಗಿರಣಿಯ ಬೋನಸ್ಸಿನಲ್ಲಿ ಕೊಂಡದ್ದು ಬುದ್ಧಿ. ಈಗ ಅದೂ ನಾನೂ ಒಂದೇ ಮೂಲೆ" ಎಂದು ನಕ್ಕರು. ಆ ನಗುವಿನಲ್ಲಿದ್ದ ನೋವು ನಮಗೆ ತಿಳಿಯಿತು. "ನೀವೇ ಏಕೆ ಸರಿಮಾಡಬಾರದು?" ಎಂದು ಕೇಳಿದೆವು.

ಕುರ್ಚಿ ಅಲುಗಾಡಿದೊಡನೆ ಮೊಳೆ ಹೊಡೆಯುವುದು ನಮ್ಮಲ್ಲಿ ರೂಢಿ. ಇದು ತಪ್ಪು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೀಗೆ ವರುಷಗಳು ಕಳೆದಂತೆ ಕೂಡಿಕೆಯ ಅಂಟು ಬಿಡುತ್ತದೆ. ಅಲ್ಲಿಗೆ ಮೊಳೆ ಬಡಿದರೆ ಮರ ಸೀಳುವ ಭಯವೇ ಹೆಚ್ಚು. ಸಡಿಲಾದ ಕಾಲನ್ನು ಮೆಲ್ಲಗೆ ಬಿಡಿಸಿ, ಹಳೆಯ ಅಂಟನ್ನು ಕೆರೆದು, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಫೆವಿಕಾಲ್ ಸವರಿ ಕೂಡಿಸಬೇಕು. ಹಗ್ಗ ಸುತ್ತಿ, ಅದರ ನಡುವೆ ಕೋಲು ತೂರಿಸಿ ತಿರುಚಿದರೆ ಬಿಗಿ ಬರುತ್ತದೆ. ನಾಲ್ಕು ಕಾಲೂ ನೆಲಕ್ಕೆ ಸಮನಾಗಿವೆಯೇ ಎಂದು ನೋಡಿ, ಒಂದು ಹಗಲು ಒಂದು ರಾತ್ರಿ ಯಾರೂ ಕೂರದಂತೆ ಬಿಡಬೇಕು. ಮನೆಯವರ ಮನಸ್ಸು ಬಿಟ್ಟಾಗಲೂ ಹೀಗೆಯೇ. ಬಿರುಮಾತಿನ ಮೊಳೆ ಕೂಡಿಸುವುದಿಲ್ಲ. ಹಳೆಯದನ್ನು ಕೆರೆದು ತೆಗೆದು, ತಾಳ್ಮೆಯಿಂದ ಕಾಯಬೇಕು.

ಹಾಗೆಂದು ಬಡಗಿಯ ಅನ್ನ ಕಸಿಯಿರೆಂದು ನಾವು ಹೇಳುತ್ತಿಲ್ಲ. ಗೆದ್ದಲು ಹಿಡಿದಿದ್ದರೆ, ಕೂಡುವ ತುದಿಯೇ ಮುರಿದಿದ್ದರೆ ಅವನನ್ನೇ ಕರೆಯಿರಿ. ಕೂಲಿಗೆ ಚೌಕಾಸಿ ಬೇಡ. ಒಂದು ದಿನ ಮರದೊಡನೆ ಹೆಣಗಿದವನಿಗೆ ಆ ಬೆವರಿನ ಬೆಲೆ ತಾನೇ ತಿಳಿಯುತ್ತದೆ. ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನನ್ನು ಶರಣನೆಂದು ಪೂಜಿಸುವ ನಾವು ಕೈಕೆಲಸಕ್ಕೆ ನಾಚಬಹುದೇ?

ತಿಂಗಳು ಕಳೆದು ಆ ಹಿರಿಯರು ಮಠಕ್ಕೆ ಬಂದರು. "ಮೊಮ್ಮಗ ಹಗ್ಗ ಹಿಡಿದ, ನಾನು ಕೋಲು ತಿರುಗಿಸಿದೆ ಬುದ್ಧಿ" ಎಂದರು. ಕುರ್ಚಿ ಈಗ ನಡುಮನೆಯಲ್ಲಿದೆಯಂತೆ. ಅದರಲ್ಲಿ ಕೂರುವ ಅವರೂ ನಡುಮನೆಗೆ ಬಂದಿದ್ದಾರೆ.

ಭಕ್ತರೇ, ಮುರಿದದ್ದನ್ನು ಬೀದಿಗೆ ಹಾಕುವ ಮೊದಲು ಒಮ್ಮೆ ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿ.