ತಾಳೆಯಾದ ಲೆಕ್ಕದಲ್ಲಿ ಬಿಟ್ಟುಹೋದವರು

ಬ್ಯಾಂಕಿನ ಅಧಿಕಾರಿಯೊಬ್ಬನು ಆರೋಗ್ಯದ ವಿಷಯವಾಗಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಬರೆಯುವ ಅಧಿಕಾರ ವೈದ್ಯ ಮಹನೀಯರದು. ನನ್ನದು ಲೆಕ್ಕಕ್ಕೆ ಮಾತ್ರ ಸೀಮಿತವಾದುದು. ಆದರೆ ಒಂದು ಸಮಾಜದ ಆರೋಗ್ಯವನ್ನು ತಿಳಿಯುವುದೂ ಕೊನೆಗೆ ಲೆಕ್ಕ ಇಡುವ ಕೆಲಸವೇ ಆಗಿರುವುದರಿಂದ, ನಾವು ಲೆಕ್ಕ ಇಡುವ ಕ್ರಮದಲ್ಲಿಯೇ ಇರುವ ಒಂದು ಲೋಪವನ್ನು ಮಾನ್ಯ ಸದಸ್ಯರ ಗಮನಕ್ಕೆ ತರಲು ಬಯಸುತ್ತೇನೆ.

ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ನಮಗೆ ಕಲಿಸಿದ ಪಾಠವೊಂದಿದೆ. ತಾಳೆಪಟ್ಟಿಯ ಎರಡೂ ಬದಿಗಳು ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆಯೆಂದು ನಂಬಬಾರದು. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯುವುದನ್ನೇ ಮರೆತಿದ್ದರೆ, ಅದು ಎರಡೂ ಬದಿಗಳಲ್ಲಿ ಇರುವುದಿಲ್ಲ. ಆದುದರಿಂದ ಪಟ್ಟಿ ಚೆನ್ನಾಗಿಯೇ ತಾಳೆಯಾಗುತ್ತದೆ. ತಪ್ಪಾಗಿ ಬರೆದುದನ್ನು ಹುಡುಕಬಹುದು. ಬರೆಯದೇ ಬಿಟ್ಟುದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವು ಠಾಣೆ ಪರಿಸರದ ಕನ್ನಡಿಗರ ಆರೋಗ್ಯ ಸಮೀಕ್ಷೆಯೊಂದನ್ನು ನಡೆಸಿತು. ಸದಸ್ಯರ ಪಟ್ಟಿಯಂತೆ ಮುದ್ರಿತ ಪ್ರಶ್ನಾವಳಿಗಳನ್ನು ಮನೆಮನೆಗೆ ತಲುಪಿಸಿದೆವು. ಒಂದು ಭಾನುವಾರ ತಪಾಸಣಾ ಶಿಬಿರವನ್ನೂ ಏರ್ಪಡಿಸಿದೆವು. ಅಂಕಿಗಳನ್ನು ಕ್ರೋಡೀಕರಿಸುವ ಹೊಣೆ ನನ್ನದಾಗಿತ್ತು. ಮಂಡಿನೋವು, ಮಧುಮೇಹ, ರಕ್ತದೊತ್ತಡಗಳ ಕೋಷ್ಟಕ ಅಂದವಾಗಿ ಸಿದ್ಧವಾಯಿತು. ಕ್ಷಯರೋಗದ ಸಾಲಿನಲ್ಲಿ ಸೊನ್ನೆ ಬರೆದು, 'ನಮ್ಮವರಲ್ಲಿ ಈ ರೋಗವಿಲ್ಲವೆಂಬುದು ಸಂತೋಷದ ಸಂಗತಿ' ಎಂದು ಷರಾ ಹಾಕಿದವನು ನಾನೇ.

ಅದಾದ ಕೆಲವೇ ದಿನಗಳಲ್ಲಿ ಊರಿಗೆ ಹಣ ಕಳುಹಿಸಲು ಕಾರ್ಮಿಕರೊಬ್ಬರು ನಮ್ಮ ಶಾಖೆಗೆ ಬಂದರು. ವಿಜಯಪುರ ಜಿಲ್ಲೆಯವರು, ಘೋಡಬಂದರ ರಸ್ತೆಯ ಬಹುಮಹಡಿ ಕಟ್ಟಡವೊಂದರ ಕೆಲಸಗಾರರು. ಹೆಬ್ಬೆಟ್ಟು ಒತ್ತುವಷ್ಟರಲ್ಲಿ ಮೂರು ಸಲ ಕೆಮ್ಮಿದರು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ತಿಂಗಳಾಯಿತೆಂದರು. ಆಸ್ಪತ್ರೆಗೆ ಏಕೆ ಹೋಗಲಿಲ್ಲವೆಂದು ಕೇಳಿದ್ದಕ್ಕೆ, "ಒಂದಿನ ದವಾಖಾನಿಗೆ ಹೋದ್ರ ಒಂದಿನದ ಪಗಾರ ಹೋಗ್ತದ್ರಿ ಸಾಹೇಬ್ರ" ಎಂದರು. ನಿಮ್ಮ ಕಟ್ಟಡದ ಎದುರಿಗೇ ನಮ್ಮ ಶಿಬಿರ ನಡೆಯಿತಲ್ಲ ಎಂದೆ. "ನೋಡೀನ್ರಿ. ಚಂದಂಗ ಬಟ್ಟಿ ಹಾಕ್ಕೊಂಡವ್ರು ಒಳಗ ಹೋಗಾಕತ್ತಿದ್ರು. ಅದು ನಮಗಲ್ಲ ಅಂತ ತಿಳಕೊಂಡ್ವಿ."

ಅವರ ಕಫದಲ್ಲಿ ಕ್ಷಯದ ರೋಗಾಣುಗಳಿದ್ದುದು ಪರೀಕ್ಷೆಯಿಂದ ತಿಳಿದುಬಂತು. ನನ್ನ ಕೋಷ್ಟಕದ ಸೊನ್ನೆಯ ಅರ್ಥವೂ ಅಂದೇ ತಿಳಿಯಿತು. ಅದು 'ರೋಗವಿಲ್ಲ' ಎಂಬ ಸೊನ್ನೆಯಾಗಿರಲಿಲ್ಲ, 'ಕೇಳಲಿಲ್ಲ' ಎಂಬ ಸೊನ್ನೆಯಾಗಿತ್ತು.

2011ರ ಜನಗಣತಿಯಲ್ಲಿ ಅವಿಭಜಿತ ಠಾಣೆಯು 1,10,60,148 ಜನರಿದ್ದ, ದೇಶದಲ್ಲಿಯೇ ಅತ್ಯಧಿಕ ಜನಸಂಖ್ಯೆಯ ಜಿಲ್ಲೆಯಾಗಿತ್ತು. 2014ರಲ್ಲಿ ಪಾಲಘರ ಅದರಿಂದ ಬೇರ್ಪಟ್ಟಿತು. ಈ ಜನಸಾಗರದಲ್ಲಿ ಕನ್ನಡಿಗರೆಂದರೆ ಸಂಘದ ಸದಸ್ಯರು ಮಾತ್ರವೇ? ಹೊಟೇಲಿನ ಅಟ್ಟದ ಮೇಲೆ ಮಲಗುವ ಕುಂದಾಪುರದ ಹುಡುಗನೂ ಕನ್ನಡಿಗನೇ. ಬೆಳಗಿನ ಎಂಟಕ್ಕೆ ನಾಕಾದಲ್ಲಿ ಕೂಲಿಗಾಗಿ ನಿಲ್ಲುವ ಕಲಬುರಗಿಯ ತಾಯಿಯೂ ನಮ್ಮವಳೇ. ಅವಳ ಮನೆಮಾತು ಲಂಬಾಣಿಯಾಗಿರಬಹುದು, ಅಷ್ಟೇ. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆಯನ್ನು ನಂಬಿ ನಾವು ಬಾವಿಕಟ್ಟೆಯ ಮೇಲೆಯೇ ಕುಳಿತೆವು. ಅವಳ ನೀರು ಟ್ಯಾಂಕರಿನಲ್ಲಿ ಬರುತ್ತದೆಂಬುದು ನಮಗೆ ಹೊಳೆಯಲಿಲ್ಲ.

ಇಂಥವರನ್ನು 'ತಲುಪಲು ಕಷ್ಟವಾದವರು' ಎಂದು ಕರೆಯುವುದು ವಾಡಿಕೆ. ಈ ಮಾತೇ ಮರುಪರಿಶೀಲನೆಗೆ ಅರ್ಹವೆಂಬುದು ನನ್ನ ನಮ್ರ ಅಭಿಪ್ರಾಯ. 2020ರ ಜುಲೈಯಲ್ಲಿ ಮುಂಬಯಿ ಮಹಾನಗರಪಾಲಿಕೆ, ನೀತಿ ಆಯೋಗ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲಾದವು ಕೂಡಿ ನಗರದ ಮೂರು ವಾರ್ಡುಗಳಲ್ಲಿ ಕೋವಿಡ್ ರಕ್ತ ಸಮೀಕ್ಷೆಯನ್ನು ನಡೆಸಿದವು. ಕೊಳೆಗೇರಿಗಳ 4,202 ಮಂದಿ, ಇತರ ವಸತಿಗಳ 2,702 ಮಂದಿ ಅದರಲ್ಲಿ ಪಾಲ್ಗೊಂಡರು. ಕೊಳೆಗೇರಿಗಳಲ್ಲಿ ಸೋಂಕು ತಗಲಿದ್ದವರು ಅರ್ಧಕ್ಕಿಂತ ಹೆಚ್ಚು. ಇತರ ವಸತಿಗಳಲ್ಲಿ ಶೇಕಡಾ 16ರಷ್ಟು. ಫ್ಲಾಟುಗಳ ರಕ್ತವನ್ನು ಮಾತ್ರ ಪರೀಕ್ಷಿಸಿದ್ದರೆ ನಗರದ ಚಿತ್ರ ಎಷ್ಟು ಸುಳ್ಳಾಗುತ್ತಿತ್ತು! ಬಡವರು ಸಹಕರಿಸುವುದಿಲ್ಲವೆಂಬ ದೂರನ್ನೂ ಈ ಅಂಕಿಗಳು ಎತ್ತಿಹಿಡಿಯುವುದಿಲ್ಲ. ನಮ್ಮ ಸೊಸೈಟಿಗಳ ಕಾವಲುಗಾರನನ್ನು ದಾಟಿ ಒಳಬರುವುದು ಎಷ್ಟು ಸುಲಭವೆಂಬುದನ್ನು ವಾಚಕರೇ ಹೇಳಲಿ.

ಮನೆಯೊಳಗಿದ್ದೂ ಲೆಕ್ಕಕ್ಕೆ ಸಿಗದವರೂ ಇದ್ದಾರೆ; ಅವರು ನಮ್ಮ ಹೆಣ್ಣುಮಕ್ಕಳು. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ ಬಂಗ್ ದಂಪತಿಗಳು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ, 1989ರಲ್ಲಿ ಪ್ರಕಟಿಸಿದ ಅಧ್ಯಯನವು ವೈದ್ಯಲೋಕವನ್ನೇ ಬೆಚ್ಚಿಬೀಳಿಸಿತು. ಶೇಕಡಾ 92ರಷ್ಟು ಮಹಿಳೆಯರಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆಗೊಳಗಾದವರು ಶೇಕಡಾ 8 ಮಾತ್ರ. ಆಸ್ಪತ್ರೆಯ ದಾಖಲೆಯನ್ನಷ್ಟೇ ಓದುವವನಿಗೆ ಈ ನೋವು ಹೇಗೆ ಕಂಡೀತು? ನಮ್ಮ ಪ್ರಶ್ನಾವಳಿಗಳನ್ನಾದರೂ ತುಂಬಿದವರು ಬಹುಮಟ್ಟಿಗೆ ಮನೆಯ ಯಜಮಾನರು. ಗೃಹಿಣಿಯ ಕಾಯಿಲೆಯ ಸಾಲಿನಲ್ಲಿ 'ಏನೂ ಇಲ್ಲ' ಎಂದು ಬರೆದವರು ಅವಳನ್ನು ಕೇಳಿ ಬರೆದರೇ?

ಮನಸ್ಸಿದ್ದರೆ ಮಾರ್ಗವಿದೆ. ಪೋಲಿಯೋ ನಿರ್ಮೂಲನದ ಕಾರ್ಯಕರ್ತರು ಮನೆಬಾಗಿಲಿಗೆ ಹೋದುದಲ್ಲದೆ ಇಟ್ಟಿಗೆ ಗೂಡು, ಕಟ್ಟಡದ ನೆಲೆ, ಅಲೆಮಾರಿಗಳ ಬಿಡಾರಗಳನ್ನೂ ಪಟ್ಟಿಮಾಡಿದರು; ರೈಲು ನಿಲ್ದಾಣಗಳಲ್ಲಿ ನಿಂತು ಹನಿ ಹಾಕಿದರು. 2011ರ ಜನವರಿಯ ನಂತರ ದೇಶದಲ್ಲಿ ವನ್ಯ ಪೋಲಿಯೋ ಪ್ರಕರಣ ಕಂಡುಬರಲಿಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಒಂದು ಮಗುವೂ ಬಿಟ್ಟುಹೋಗಬಾರದೆಂಬ ಹಟದ ಫಲವದು.

ಸಂಘವು ಮತ್ತೊಮ್ಮೆ ಸಮೀಕ್ಷೆಗೆ ತೊಡಗುವುದಾದರೆ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು, ನಮ್ಮ ಬಿಡುವನ್ನು ನೋಡದೆ ಅವರ ಬಿಡುವನ್ನು ನೋಡಬೇಕು. ಹೊಟೇಲಿನ ಹುಡುಗರಿಗೆ ಊಟದ ಗಲಾಟೆ ಮುಗಿದ ಮೇಲಿನ ಮಧ್ಯಾಹ್ನ, ಕಟ್ಟಡದವರಿಗೆ ವಾರದ ಖರ್ಚಿ ಕೈಗೆ ಬಂದ ಸಂಜೆ. ಎರಡನೆಯದು, ಅಚ್ಚಾದ ನಮೂನೆಯ ಬದಲು ಬಾಯಿಮಾತು. ಅದೂ ಅವರ ಕಡೆಯ ಕನ್ನಡದಲ್ಲಿ. ಮೂರನೆಯದು, ಪ್ರಶ್ನೆ ಕೇಳುವವರಲ್ಲಿ, ಪ್ರಶ್ನೆಗಳನ್ನು ರೂಪಿಸುವವರಲ್ಲಿಯೂ ಅವರ ಬಿಡಾರದವರೇ ಒಬ್ಬಿಬ್ಬರಿರಬೇಕು. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಕೇಳಬೇಕು.

ನಾಲ್ಕನೆಯದು ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳಂತೆ, ವಿಷಯವನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಅವನ ಸ್ವಂತ ಸಮ್ಮತಿಯನ್ನು ಪಡೆಯಬೇಕು. ಮುಕಾದಮನ ತಲೆದೂಗು ಕೂಲಿಯ ಒಪ್ಪಿಗೆಯಾಗಲಾರದು. ಒಲ್ಲೆನೆಂದವನ ಕೂಲಿಗೆ ಕುತ್ತು ಬರಲೂಬಾರದು.

ಕೊನೆಯದು, ಕೇಳಿದ ಮೇಲೆ ಏನನ್ನಾದರೂ ಹಿಂದಿರುಗಿಸಬೇಕು. ಹೆಸರು, ರೋಗ ಬರೆದುಕೊಂಡು ಹೊರಟುಹೋಗುವುದು ಮರಳಿಸದ ಸಾಲದಂತೆ. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಕೇಂದ್ರಗಳಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಲಾಗಿದೆ. ಅದು ರೋಗಿಯ ಬ್ಯಾಂಕು ಖಾತೆಗೇ ಜಮೆಯಾಗುತ್ತದೆ. ಊರಿಗೆ ಹೋದರೆ ಅಲ್ಲಿಯೂ ಚಿಕಿತ್ಸೆಯನ್ನು ಮುಂದುವರಿಸಬಹುದು. ಇಷ್ಟನ್ನು ಕನ್ನಡದಲ್ಲಿ ತಿಳಿಹೇಳಿ, ಖಾತೆಯಿಲ್ಲದವರಿಗೆ ಖಾತೆ ತೆರೆಸುವ ಕೆಲಸಕ್ಕೆ ಸದಸ್ಯರಲ್ಲಿರುವ ನನ್ನಂಥ ಬ್ಯಾಂಕು ನೌಕರರು ಸಾಕು.

ಆ ಕಾರ್ಮಿಕರು ಆರು ತಿಂಗಳ ಔಷಧವನ್ನು ಪೂರ್ಣಗೊಳಿಸಿ ಗುಣಮುಖರಾದರು. ಆದರೆ ಅವರು ನಮಗೆ ಸಿಕ್ಕಿದ್ದು ಸಮೀಕ್ಷೆಯಿಂದಲ್ಲ, ಹಣ ಕಳುಹಿಸಲು ನನ್ನ ಕೌಂಟರಿಗೆ ಬಂದ ಆಕಸ್ಮಿಕದಿಂದ. ಅವರ ಶೆಡ್ಡಿನಲ್ಲಿ ಜೊತೆಗೆ ಮಲಗುತ್ತಿದ್ದವರು ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ. ಮುಂದಿನ ಕೋಷ್ಟಕವನ್ನು ಸಿದ್ಧಪಡಿಸುವ ಮಹನೀಯರು, ಯಾವುದೇ ಸಾಲಿನಲ್ಲಿ ಸೊನ್ನೆ ಬರೆಯುವ ಮೊದಲು, ಯಾರನ್ನು ಕೇಳಿಲ್ಲವೆಂಬುದನ್ನು ಅದರ ಪಕ್ಕದಲ್ಲಿ ಬರೆಯಲಿ ಎಂಬುದೇ ನನ್ನ ವಿನಂತಿ.