ಮೆಚ್ಚುಗೆಯ ಅಳತೆ

ಸುಗ್ಗಿಯ ಕಾಲದಲ್ಲಿ ಕಣದ ತುಂಬ ಬಿದ್ದಿರುವ ರಾಶಿಯನ್ನು ಕಂಡು ರೈತನು ಹಿಗ್ಗುವುದು ಸಹಜ. ಆದರೆ ರಾಶಿಯ ಎತ್ತರವನ್ನೇ ಅವನು ಫಸಲೆಂದು ಭಾವಿಸುವುದಿಲ್ಲ. ಗಾಳಿಗೆ ತೂರಿ, ಜಳ್ಳನ್ನು ಬೇರ್ಪಡಿಸಿ, ಉಳಿದ ಕಾಳನ್ನು ಮಾತ್ರ ಕೊಳಗದಿಂದ ಅಳೆಯುತ್ತಾನೆ. ಸಾಮಾಜಿಕ ಜಾಲತಾಣಗಳನ್ನು ಬಳಸುವ ಸಂಘಸಂಸ್ಥೆಗಳಿಗೂ ಇಂದು ಈ ವಿವೇಕವು ಅಗತ್ಯವಾಗಿದೆ.

ಫೇಸ್‌ಬುಕ್ ಎಂಬ ಜಾಲತಾಣವು 2004ರಲ್ಲಿ ಆರಂಭವಾಯಿತು. ಮೆಚ್ಚುಗೆಯನ್ನು ಸೂಚಿಸುವ ‘ಲೈಕ್’ ಗುಂಡಿಯು 2009ರಲ್ಲಿ ಅದಕ್ಕೆ ಸೇರಿತು. ಜನರ ಒಲವು ಅಂಕಿಗಳ ರೂಪದಲ್ಲಿ ಕಣ್ಣೆದುರಿಗೇ ಕಾಣತೊಡಗಿತು. ಮೆಚ್ಚಿದವರು ಎಷ್ಟು ಮಂದಿ, ಹಂಚಿದವರು ಎಷ್ಟು ಮಂದಿ ಎಂದು ವ್ಯಾಪಾರ ಸಂಸ್ಥೆಗಳೂ ಸೇವಾಸಂಸ್ಥೆಗಳೂ ಎಣಿಸತೊಡಗಿದುವು. ಅಂಕಿ ಬೆಳೆದರೆ ಕಾರ್ಯವೂ ಬೆಳೆಯಿತೆಂದು ತಿಳಿಯುವುದು ಸುಲಭ. ಆದರೆ ಆ ತಿಳಿವಳಿಕೆ ಸರಿಯೇ?

ಸುಡಾನ್ ದೇಶದ ಪಶ್ಚಿಮಭಾಗದ ಡಾರ್ಫರ್ ಪ್ರಾಂತದಲ್ಲಿ 2003ರಲ್ಲಿ ಭೀಕರವಾದ ಅಂತಃಕಲಹವು ಆರಂಭವಾಗಿ, ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡರು. ಅವರಿಗೆ ನೆರವಾಗಲೆಂದು ಫೇಸ್‌ಬುಕ್‌ನಲ್ಲಿ ರೂಪುಗೊಂಡ ಬಳಗವೊಂದಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಸದಸ್ಯರು ಸೇರಿದರು. ಸಮಾಜಶಾಸ್ತ್ರಜ್ಞರು ಅದರ ಲೆಕ್ಕವನ್ನು ಪರಿಶೀಲಿಸಿ 2014ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಸದಸ್ಯರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಆ ಬಳಗದ ಮೂಲಕ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಅವರ ಅನುಕಂಪವು ಸುಳ್ಳೆಂದು ಹೇಳಲಾಗದು. ಆದರೆ ಅದು ಬೆರಳಿನ ತುದಿಯಲ್ಲಿಯೇ ನಿಂತುಹೋಯಿತು.

ಹಾಗೆಂದು ಜನರ ಸ್ಪಂದನವೆಲ್ಲವೂ ಜಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದೇ 2014ರಲ್ಲಿ ಮಂಜುಗಡ್ಡೆಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಆ ದೃಶ್ಯವನ್ನು ಜಾಲತಾಣದಲ್ಲಿ ಹಂಚುವ ‘ಐಸ್ ಬಕೆಟ್ ಚಾಲೆಂಜ್’ ಎಂಬ ಪಂಥವು ಜಗತ್ತಿನಲ್ಲೆಲ್ಲ ಹಬ್ಬಿತು. ಇದು ಬರಿಯ ಹುಡುಗಾಟವೆಂದು ನಕ್ಕವರುಂಟು. ಆದರೆ ಆ ಆಟದೊಡನೆ ದಾನದ ಕೋರಿಕೆಯೂ ಬೆಸೆದುಕೊಂಡಿತ್ತು. ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ನಾಶವಾಗುವ ಎ.ಎಲ್.ಎಸ್. ಎಂಬ ರೋಗವೊಂದುಂಟು. ಆ ರೋಗಿಗಳಿಗಾಗಿ ದುಡಿಯುವ ಅಮೆರಿಕದ ಸಂಘಕ್ಕೆ ಸುಮಾರು 11.5 ಕೋಟಿ ಡಾಲರು ಹರಿದುಬಂದಿತು. ಆ ಹಣದ ನೆರವನ್ನೂ ಪಡೆದು ನಡೆದ ಸಂಶೋಧನೆಯು, ಈ ರೋಗದೊಡನೆ ಸಂಬಂಧವುಳ್ಳ ಒಂದು ಜೀನನ್ನು 2016ರಲ್ಲಿ ಗುರುತಿಸಿತು.

ಎರಡು ಸಂದರ್ಭಗಳಲ್ಲಿಯೂ ಜನಸಂದಣಿಗೆ ಕೊರತೆಯಿರಲಿಲ್ಲ. ಒಂದರಲ್ಲಿ ಮೆಚ್ಚುಗೆಯು ಮೆಚ್ಚುಗೆಯಾಗಿಯೇ ಉಳಿಯಿತು. ಮತ್ತೊಂದರಲ್ಲಿ ಅದು ಕಾರ್ಯಕ್ಕೆ ಮೆಟ್ಟಿಲಾಯಿತು. ಆದುದರಿಂದ ಸಂಸ್ಥೆಯು ತನ್ನ ಉದ್ದೇಶವೇನೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಅನಂತರ ಅದಕ್ಕೆ ತಕ್ಕ ಅಳತೆಗೋಲನ್ನು ಆರಿಸಿಕೊಳ್ಳಬೇಕು. ಲಸಿಕೆಯನ್ನು ಕುರಿತು ಪ್ರಚಾರ ಮಾಡುವವರು ಲಸಿಕೆ ಪಡೆದ ಮಕ್ಕಳನ್ನು ಎಣಿಸಲಿ. ರಕ್ತದಾನಕ್ಕೆ ಕರೆಕೊಡುವವರು ಸಂಗ್ರಹವಾದ ರಕ್ತವನ್ನು ಲೆಕ್ಕಹಾಕಲಿ.

ಜನರ ವಿಶ್ವಾಸವನ್ನಾಗಲಿ ಅರಿವನ್ನಾಗಲಿ ಅಂಕಿಗಳಲ್ಲಿ ಹಿಡಿಯುವುದು ಕಷ್ಟವೆಂದು ಕೆಲವರು ಹೇಳಬಹುದು. ಆ ಮಾತು ನಿಜ. ಆದರೆ ಬೇಕಾದುದನ್ನು ಅಳೆಯುವುದು ಕಷ್ಟವೆಂದು, ಸುಲಭವಾಗಿ ಸಿಕ್ಕಿದುದನ್ನೇ ಅಳೆದು ತೃಪ್ತರಾಗುವುದು ಆತ್ಮವಂಚನೆಯಲ್ಲವೆ? ಸೇವಾಸಂಸ್ಥೆಯೊಂದು ಬರಿಯ ಮೆಚ್ಚುಗೆಯ ಬೆನ್ನುಹತ್ತಿ ವ್ಯಯಮಾಡುವ ಹಣವೂ ಶ್ರಮವೂ ರೋಗಿಗೋ ನಿರಾಶ್ರಿತನಿಗೋ ಸಲ್ಲಬೇಕಾದುವು.

ಮೆಚ್ಚುಗೆ ಬೇಡವೆಂದಲ್ಲ. ತೆನೆಯಿಲ್ಲದೆ ಕಾಳು ಬಾರದು. ಆದರೆ ಹಸಿದವನ ಹೊಟ್ಟೆ ತುಂಬುವುದು ಕಾಳಿನಿಂದ ಎಂಬುದನ್ನು ಮರೆಯಬಾರದು.